ಎರೆಭೂತದ ಕಣ್ಣಿಗೆ ಬೀಳದ ತಂತಿ

ತಲೆಯೆತ್ತಿ ನಿಂತರೆ ಸುಮಾರು ಒಂದು ಮೀಟರ್ ಎತ್ತರ. ಗಂಡಾದರೆ ಹದಿನೈದು ಕಿಲೋವರೆಗೂ ತೂಕ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಇದು ಎರೆಭೂತ. ಎರ್ಲಡ್ಡು ಅಂತಲೂ ಕರೆಯುತ್ತಾರೆ. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ರಾಜಸ್ಥಾನದವರಿಗೆ ಗೋಡಾವಣ್, ಅವರ ರಾಜ್ಯಪಕ್ಷಿ. ಹಾರಬಲ್ಲ ಹಕ್ಕಿಗಳಲ್ಲೇ ಅತಿ ಭಾರದವುಗಳ ಸಾಲಿಗೆ ಸೇರಿದ ಈ ಜೀವಿ ಇಂದು ಉಳಿದಿರುವುದು ನೂರೈವತ್ತರ ಆಸುಪಾಸು. ಬಹುಪಾಲು ಇರುವುದು ಜೈಸಲ್ಮೇರ್ ಸೀಮೆಯ ಥಾರ್ ಮರುಭೂಮಿಯಲ್ಲಿ. ಹವಾಮಾನ ಬದಲಾವಣೆಯ ಬಗ್ಗೆ ಭಾರತದ ಸುಪ್ರೀಂ ಕೋರ್ಟ್ ಆಡಿದ ಅತಿ ದೊಡ್ಡ ಮಾತು 2024ರಲ್ಲಿ ಹೊರಬಂದದ್ದು ಈ ಹಕ್ಕಿಯ ಮೊಕದ್ದಮೆಯಿಂದ.

ಮೊಕದ್ದಮೆಯ ಮೂಲ ಹಕ್ಕಿಯ ಕಣ್ಣಿನಲ್ಲಿದೆ. ಗೂಬೆಗೆ, ನಮಗೆ, ಕಣ್ಣುಗಳು ಮುಂದಕ್ಕೆ ನೋಡುತ್ತವೆ. ಎರೆಭೂತದವು ತಲೆಯ ಎರಡು ಪಕ್ಕಗಳಲ್ಲಿವೆ. ಬಯಲಲ್ಲಿ ಬದುಕುವ ಹಕ್ಕಿಗೆ ನರಿ ಯಾವ ದಿಕ್ಕಿನಿಂದ ಬಂದೀತು ಎಂಬುದೇ ಚಿಂತೆ. ಅಕ್ಕಪಕ್ಕ ಚೆನ್ನಾಗಿ ಕಂಡರೆ ಸಾಕು, ಎದುರಿಗೆ ಕಿರಿದಾದ ಒಂದು ಪಟ್ಟಿಯಷ್ಟು ಕಂಡರೂ ನಡೆದೀತು. ಹಾರುವಾಗ ನೆಲದ ಮೇಲೆ ಮೇವು ಹುಡುಕಲೆಂದೋ ಜೊತೆಗಾರರನ್ನು ನೋಡಲೆಂದೋ ತಲೆಯನ್ನು ಸ್ವಲ್ಪ ತಗ್ಗಿಸಿತೆಂದರೆ, ತಾನು ಸಾಗುತ್ತಿರುವ ದಿಕ್ಕೇ ಅದಕ್ಕೆ ಕುರುಡಾಗುತ್ತದೆ. ಲಕ್ಷಾಂತರ ವರ್ಷ ಇದರಿಂದ ತೊಂದರೆಯಾಗಲಿಲ್ಲ. ಬಯಲಿನ ಆಕಾಶದಲ್ಲಿ ಅಡ್ಡ ಬರುವಂಥದ್ದು ಏನೂ ಇರಲಿಲ್ಲ. ಈಗ ಹೈಟೆನ್ಷನ್ ತಂತಿಗಳಿವೆ. ಅದರಲ್ಲೂ ಸಿಡಿಲಿನ ರಕ್ಷಣೆಗೆಂದು ಎಲ್ಲಕ್ಕಿಂತ ಮೇಲೆ ಎಳೆಯುವ ತೆಳು ಅರ್ತ್ ತಂತಿ ಕಾಣುವುದೇ ಇಲ್ಲ. ಕೊನೆಯ ಗಳಿಗೆಯಲ್ಲಿ ಕಂಡರೂ ಆ ಭಾರದ ಮೈ ತಟ್ಟನೆ ಪಕ್ಕಕ್ಕೆ ಹೊರಳುವುದಿಲ್ಲ. ಥಾರ್‌ನಲ್ಲಿ ವರ್ಷಕ್ಕೆ ಸುಮಾರು 18 ಎರೆಭೂತಗಳು ತಂತಿಗೆ ಬಡಿದು ಸಾಯುತ್ತಿವೆ ಎಂದು ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆ ಅಂದಾಜು ಮಾಡಿತ್ತು. ಸಾಮಾನ್ಯವಾಗಿ ವರ್ಷಕ್ಕೊಂದೇ ಮೊಟ್ಟೆ ಇಡುವ ಹಕ್ಕಿ ಈ ನಷ್ಟವನ್ನು ತುಂಬಿಕೊಳ್ಳಲಾರದು.

ಆ ತಂತಿಗಳಲ್ಲಿ ಅನೇಕವು ಹೊತ್ತು ತರುತ್ತಿರುವುದು ಬಿಸಿಲಿನ, ಗಾಳಿಯ ವಿದ್ಯುತ್ತನ್ನು. ನಾನು ಇಲ್ಲಿಗೆ ಬಂದಾಗಲೆಲ್ಲ ತಡವರಿಸುತ್ತೇನೆ. ಕಲ್ಲಿದ್ದಲು ನಿಲ್ಲಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. 1882ರಲ್ಲಿ ಲಂಡನ್ನಿನ ಹಾಲ್ಬರ್ನ್ ವಯಾಡಕ್ಟ್‌ನಲ್ಲಿ ಕಲ್ಲಿದ್ದಲಿನಿಂದ ಸಾರ್ವಜನಿಕರಿಗೆ ವಿದ್ಯುತ್ ಕೊಡಲು ಶುರುಮಾಡಿದ ಬ್ರಿಟನ್, 2024ರ ಸೆಪ್ಟೆಂಬರ್ 30ರಂದು ತನ್ನ ಕೊನೆಯ ಕಲ್ಲಿದ್ದಲು ಸ್ಥಾವರ ರ‍್ಯಾಟ್‌ಕ್ಲಿಫ್ ಆನ್ ಸೋರ್ ಅನ್ನು ಮುಚ್ಚಿದ ಸುದ್ದಿ ಓದಿ ನಿಜಕ್ಕೂ ಸಂತೋಷಪಟ್ಟವನು ನಾನು. 2030ರೊಳಗೆ 500 ಗಿಗಾವಾಟ್ ಪಳೆಯುಳಿಕೆ ಇಂಧನವಿಲ್ಲದ ವಿದ್ಯುತ್ ಸಾಮರ್ಥ್ಯ ಎಂಬ ಭಾರತದ ಗುರಿಗೆ ಥಾರ್‌ನ ಬಿಸಿಲು ಬೇಕೇ ಬೇಕು. ಆದರೆ ಆ ಬಿಸಿಲು ಬೀಳುವ ನೆಲ ಖಾಲಿ ಇಲ್ಲ.

ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕರಡು ಬರೆದ ನಿವೃತ್ತ ಅಧಿಕಾರಿ ಎಂ. ಕೆ. ರಂಜಿತ್‌ಸಿಂಹ್ 2019ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2021ರ ಏಪ್ರಿಲ್‌ನಲ್ಲಿ, ರಾಜಸ್ಥಾನ ಮತ್ತು ಗುಜರಾತಿನ ಸುಮಾರು 99,000 ಚದರ ಕಿಲೋಮೀಟರ್ ವ್ಯಾಪ್ತಿಯಲ್ಲಿ ಸಾಧ್ಯವಿರುವ ಕಡೆಯೆಲ್ಲ ತಂತಿಗಳನ್ನು ನೆಲದಡಿ ಹಾಕಿ ಎಂದು ಕೋರ್ಟ್ ಆದೇಶಿಸಿತು. ಸರ್ಕಾರ ಆದೇಶ ಬದಲಿಸಿ ಎಂದು ಕೇಳಿತು. ಅದರ ತಾಂತ್ರಿಕ ತಕರಾರು ಬರೀ ನೆಪವಲ್ಲ. ಮೇಲಿನ ತಂತಿಯ ಕಾವನ್ನು ಗಾಳಿ ಹೊತ್ತೊಯ್ಯುತ್ತದೆ. ಒಣಮರಳಿನಡಿ ಹೂತ ಕೇಬಲ್‌ನ ಕಾವು ಅಲ್ಲೇ ಕೂರುತ್ತದೆ. ಜೊತೆಗೆ, ನಡುವೆ ಲೋಹ, ಸುತ್ತ ನಿರೋಧಕ, ಅದರಾಚೆ ನೆಲ ಇರುವ ಕೇಬಲ್ ಒಂದು ಉದ್ದನೆಯ ಕೆಪಾಸಿಟರ್, ಅಂದರೆ ವಿದ್ಯುದಂಶವನ್ನು ತುಂಬಿಟ್ಟುಕೊಳ್ಳುವ ಸಾಧನ, ಆಗುತ್ತದೆ. ದಿಕ್ಕು ಬದಲಿಸುತ್ತಲೇ ಇರುವ ಎಸಿ ವಿದ್ಯುತ್ತು ಸೆಕೆಂಡಿಗೆ ಐವತ್ತು ಆವರ್ತ ಹೊಡೆಯುವಾಗ ಅದನ್ನು ಪ್ರತಿ ಸಲ ತುಂಬಿ, ಬರಿದು ಮಾಡಬೇಕು. ಒತ್ತಡವೂ ದೂರವೂ ಹೆಚ್ಚಿದಷ್ಟು ಕೇಬಲ್ಲಿನ ಸಾಮರ್ಥ್ಯವನ್ನು ಈ ಕೆಲಸವೇ ತಿಂದುಹಾಕುತ್ತದೆ. ಖರ್ಚೂ ಹಲವು ಪಟ್ಟು.

2024ರ ಮಾರ್ಚ್ 21ರಂದು ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಅವರಿದ್ದ ಪೀಠ ಹಳೆಯ ಆದೇಶವನ್ನು ಹಿಂಪಡೆದು, ಎಲ್ಲಿ ಹೂಳಬೇಕು, ಎಲ್ಲಿ ಬೇಡ ಎಂಬುದನ್ನು ತಜ್ಞರ ಸಮಿತಿಗೆ ಒಪ್ಪಿಸಿತು. ಅದೇ ತೀರ್ಪಿನಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಡಿ ಜನರ ಹಕ್ಕು ಎಂದಿತು. ಬದುಕುವ ಹಕ್ಕಷ್ಟೇ ಅಲ್ಲ, ಸಮಾನತೆಯ ಹಕ್ಕೂ ಹೌದು. ಬರ, ಪ್ರವಾಹ ಎಲ್ಲರನ್ನೂ ಒಂದೇ ಸಮ ಹೊಡೆಯುವುದಿಲ್ಲವಲ್ಲ. ಹಕ್ಕು ಮನುಷ್ಯರಿಗೆ ದಕ್ಕಿತು, ಅದಕ್ಕೆ ಕಾರಣವಾದ ಹಕ್ಕಿಗೆ ಇದ್ದ ಕಾವಲು ಸಡಿಲವಾಯಿತು. ತೀರ್ಪನ್ನು ಗೆಲುವೆಂದು ಮಾತ್ರ ಬರೆದವರ ಜೊತೆ ನಾನು ಈ ಕಾರಣಕ್ಕೆ ಪೂರ್ತಿ ನಿಲ್ಲಲಾರೆ.

ಮೂರೇ ವಾರಗಳಲ್ಲಿ, ಏಪ್ರಿಲ್ 9ರಂದು, ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಸ್ವಿಟ್ಜರ್‌ಲೆಂಡಿನ ಎರಡು ಸಾವಿರಕ್ಕೂ ಹೆಚ್ಚು ಹಿರಿಯ ಮಹಿಳೆಯರ ಸಂಘ ತನ್ನ ಸರ್ಕಾರದ ವಿರುದ್ಧ ಗೆದ್ದಿತು. ವಯಸ್ಸಾದಂತೆ ಬೆವರು ಕಡಿಮೆಯಾಗುತ್ತದೆ, ಚರ್ಮಕ್ಕೆ ರಕ್ತ ಹರಿಸಿ ಮೈ ತಣಿಸುವ ಶಕ್ತಿ ಕುಗ್ಗುತ್ತದೆ. ಬಿಸಿಗಾಳಿ ಬೀಸಿದಾಗ ಅಪಾಯ ಹೆಚ್ಚಾಗಿ ತಮಗೇ ಎಂಬ ಅಜ್ಜಿಯರ ವಾದದ ಹಿಂದೆ ಈ ಶರೀರಶಾಸ್ತ್ರವಿತ್ತು. ದೇಶ ಇನ್ನೆಷ್ಟು ಇಂಗಾಲ ಉಗುಳಬಹುದು ಎಂಬ ಲೆಕ್ಕವನ್ನೇ ಹಾಕಿಲ್ಲ ಎಂದು ನ್ಯಾಯಾಲಯ ಆಕ್ಷೇಪಿಸಿತು. ಜೂನ್‌ನಲ್ಲಿ ಸ್ವಿಸ್ ಸಂಸತ್ತು ತೀರ್ಪಿಗೆ ಅಸಮಾಧಾನ ಸೂಚಿಸಿತು.

ಥಾರ್‌ಗೆ ಮರಳೋಣ. ಅಲ್ಲಿನ ಹಳ್ಳಿಗರು ದೇವರ ಹೆಸರಲ್ಲಿ ತಲೆತಲಾಂತರದಿಂದ ಕಾಯ್ದುಕೊಂಡು ಬಂದ ಹುಲ್ಲು, ಪೊದೆಗಳ ಬಯಲಿಗೆ ಓರಣ್ ಎನ್ನುತ್ತಾರೆ. ಕೊಡಗಿನ ದೇವರಕಾಡಿನ ಬಂಧು ಅದು, ಮರಗಳು ಕಡಿಮೆ ಅಷ್ಟೆ. ಕುರಿ, ಒಂಟೆ ಮೇಯುವ ಈ ನೆಲ ಸರ್ಕಾರಿ ಕಾಗದದಲ್ಲಿ ಎಷ್ಟೋ ಕಡೆ ಬರೀ ಬಂಜರು. ಓರಣ್ ಉಳಿಸಲು ಅಲ್ಲಿನ ದನಗಾಹಿಗಳು ಪಾದಯಾತ್ರೆ ಮಾಡಿದ್ದಾರೆ, ಕೋರ್ಟು ಹತ್ತಿದ್ದಾರೆ. 2024ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್, ರಾಜಸ್ಥಾನದ ಓರಣ್‌ಗಳನ್ನೆಲ್ಲ ಸರ್ವೆ ಮಾಡಿ ಅರಣ್ಯವೆಂದು ಗುರುತಿಸಲು ಹೇಳಿತು. ಆ ವರ್ಷದ ತೀರ್ಪುಗಳಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಇದೇ. ಹಕ್ಕಿ, ಕುರಿಗಾಹಿ, ನೆಲದಡಿಯ ಇಂಗಾಲ ಮೂರಕ್ಕೂ ಒಂದೇ ಗೆರೆ ಎಳೆದರೆ ಸಾಕು ಎಂಬುದು ಅದರಲ್ಲಿ ನನಗೆ ಕಂಡ ಅರ್ಥ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಇನ್ನೊಂದು ಸುದ್ದಿ ಬಂದಿತ್ತು. ಜೈಸಲ್ಮೇರ್ ಜಿಲ್ಲೆಯ ಒಂದು ಸಂತಾನಾಭಿವೃದ್ಧಿ ಕೇಂದ್ರದ ಗಂಡಿನ ವೀರ್ಯವನ್ನು ಇನ್ನೊಂದು ಕೇಂದ್ರಕ್ಕೆ ಒಯ್ದು, ಕೃತಕ ಗರ್ಭಧಾರಣೆಯಿಂದ ಮೊದಲ ಬಾರಿಗೆ ಎರೆಭೂತದ ಮರಿ ಹುಟ್ಟಿಸಿದರು. ಮುಂದೊಂದು ದಿನ ಅಂಥ ಮರಿಗಳನ್ನು ಬಯಲಿಗೆ ಬಿಡಬೇಕು. ನಮ್ಮ ಸಿರುಗುಪ್ಪದ ಎರೆಹೊಲಗಳಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು ಹಕ್ಕಿ. 2021ರ ಆದೇಶದ ನಕ್ಷೆಯಲ್ಲಾಗಲೀ, ಅದನ್ನು ಬದಲಿಸಿದ 2024ರ ತೀರ್ಪಿನ ನಕ್ಷೆಯಲ್ಲಾಗಲೀ ಆ ಹೊಲಗಳು ಇರಲಿಲ್ಲ.