ಜಯನಗರ ಗೆ ಅಲ್ಲ, ಜಯನಗರಕ್ಕೆ

ಬೆಂಗಳೂರಿನಲ್ಲಿ ಫೋನಿಗೆ ಬರುವ ಕನ್ನಡ ಮೆಸೇಜುಗಳನ್ನು ಸ್ವಲ್ಪ ಗಮನಿಸಿ. "ನಿಮ್ಮ ಪಾರ್ಸೆಲ್ ಜಯನಗರ ಗೆ ಹೊರಟಿದೆ." "ಹಲಸೂರು ಗೆ ಬಸ್ 5 ನಿಮಿಷದಲ್ಲಿ ಬರಲಿದೆ." ಅರ್ಥ ಆಗುತ್ತದೆ, ಆದರೆ ಹೀಗೆ ಯಾರೂ ಮಾತಾಡುವುದಿಲ್ಲ ಅಲ್ವಾ? ಇಂಥ ವಾಕ್ಯವನ್ನು ಇಡಿಯಾಗಿ ಯಾರೂ ಕೂತು ಬರೆದಿರುವುದಿಲ್ಲ. ಯಾರೋ ಒಂದು ಅಚ್ಚು ಮಾಡಿ ನಡುವೆ ಖಾಲಿ ಜಾಗ ಬಿಟ್ಟಿರುತ್ತಾರೆ, ಆ ಜಾಗಕ್ಕೆ ಊರಿನ ಹೆಸರನ್ನು ಕಂಪ್ಯೂಟರ್ ತುಂಬುತ್ತದೆ. ಎಷ್ಟೋ ಕಡೆ ಈ ಕೆಲಸ ಡೇಟಾಬೇಸಿನ, ಅಂದರೆ ಮಾಹಿತಿ ಕೂಡಿಡುವ ತಂತ್ರಾಂಶದ, ಒಳಗೇ ನಡೆಯುತ್ತದೆ.

ಪೋಸ್ಟ್‌ಗ್ರೆಸ್ ಡೇಟಾಬೇಸನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಎರಡು ಉದ್ದಗೀಟು (||) ಹಾಕಿ ಪದಗಳನ್ನು ಅಂಟಿಸಬಹುದು. ಆದರೆ ಅಂಟಿಸುವ ತುಂಡುಗಳಲ್ಲಿ ಒಂದು ನಲ್ ಆಗಿದ್ದರೆ, ಅಂದರೆ ಆ ಕಾಲಂನಲ್ಲಿ ಏನೂ ತುಂಬಿರದಿದ್ದರೆ, ಇಡೀ ವಾಕ್ಯವೇ ನಲ್ ಆಗಿಬಿಡುತ್ತದೆ. ಒಂದು ಹೆಸರು ಇಲ್ಲ ಅಂತ ಪೂರ್ತಿ ಮೆಸೇಜೇ ಮಾಯ! 2011ರಲ್ಲಿ ಬಂದ 9.1 ಆವೃತ್ತಿಯಲ್ಲಿ ಫಾರ್ಮ್ಯಾಟ್ ಅನ್ನುವ ಫಂಕ್ಷನ್ ಸೇರಿತು. ಅಚ್ಚಿನಲ್ಲಿ ಬೇಕಾದ ಕಡೆ ಪರ್ಸೆಂಟ್ ಗುರುತು ಮತ್ತು ಎಸ್ ಅಕ್ಷರ ಇಟ್ಟರೆ ಸಾಕು, ಬೆಲೆಗಳು, ಅಂದರೆ ತುಂಬಬೇಕಾದ ಹೆಸರು, ನಂಬರುಗಳು, ಒಂದೊಂದಾಗಿ ಅಲ್ಲಿ ಹೋಗಿ ಕೂರುತ್ತವೆ. ನಲ್ ಬಂದರೆ ಆ ಜಾಗ ಮಾತ್ರ ಖಾಲಿ ಉಳಿಯುತ್ತದೆ.

ಇದರಲ್ಲಿ ನಮಗೆ ತುಂಬಾ ಬೇಕಾದ ಇನ್ನೊಂದು ಅನುಕೂಲವಿದೆ. ಇಂಗ್ಲಿಷ್ ವಾಕ್ಯದಲ್ಲಿ ಮೊದಲು ಬಸ್ ನಂಬರು, ಆಮೇಲೆ ಎಲ್ಲಿಂದ, ಎಲ್ಲಿಗೆ ಅಂತ ಬರಬಹುದು. ನಾವು ಎಲ್ಲಿಂದ, ಎಲ್ಲಿಗೆ ಅಂತ ಹೇಳಿ ಕೊನೆಗೆ ಬಸ್ಸಿನ ಮಾತಿಗೆ ಬರುತ್ತೇವೆ. ಪರ್ಸೆಂಟ್ ಗುರುತಿನ ಪಕ್ಕ ಒಂದು ಅಂಕಿ, ಒಂದು ಡಾಲರ್ ಚಿಹ್ನೆ, ಆಮೇಲೆ ಎಸ್ ಹಾಕಿದರೆ ಎಷ್ಟನೇ ಬೆಲೆ ಎಲ್ಲಿ ಕೂರಬೇಕು ಅಂತ ನಾವೇ ಹೇಳಬಹುದು. ಬೆಲೆಗಳ ಪಟ್ಟಿ ಮುಟ್ಟುವುದೇ ಬೇಡ, ಕನ್ನಡದ ಅಚ್ಚು ತನ್ನದೇ ಕ್ರಮದಲ್ಲಿ ಇರಬಹುದು.

ಪರ್ಸೆಂಟ್ ಎಸ್ ಬೆಲೆಯನ್ನು ಇದ್ದದ್ದು ಇದ್ದ ಹಾಗೇ ತುರುಕುತ್ತದೆ. ಅಪಾಯ ಇರುವುದೂ ಅಲ್ಲೇ. ಡಿ'ಕೋಸ್ಟಾ ಲೇಔಟ್ ಅಂತ ನಮ್ಮೂರಲ್ಲಿ ಒಂದು ಬಡಾವಣೆ ಇದೆ. ಹುಡುಕುವ ಕ್ವೆರಿಯನ್ನೇ, ಅಂದರೆ ಡೇಟಾಬೇಸಿಗೆ ಕೊಡುವ ಆದೇಶವನ್ನೇ, ಹೀಗೆ ಜೋಡಿಸಹೊರಟರೆ, ಆ ಹೆಸರಿನ ನಡುವಿನ ಚಿಹ್ನೆಯನ್ನು ಡೇಟಾಬೇಸ್ ಪಠ್ಯ ಇಲ್ಲಿಗೆ ಮುಗಿಯಿತು ಅಂತ ಓದಿಕೊಂಡು ಎಡವುತ್ತದೆ. ಕೇಡು ಬಯಸುವವರು ಇದೇ ಬಿರುಕಿನಲ್ಲಿ ತಮ್ಮ ಆದೇಶವನ್ನು ತೂರಿಸುತ್ತಾರೆ. ಇಂಥ ಆದೇಶಗಳನ್ನು ಬರೆಯುವ ಭಾಷೆ ಎಸ್‌ಕ್ಯೂಎಲ್. ಎಸ್‌ಕ್ಯೂಎಲ್ ಇಂಜೆಕ್ಷನ್ ಎಂದು ಈಗ ಕರೆಯುವ ಈ ದಾಳಿಯ ವಿವರ 1998ರಲ್ಲೇ ಬಹಿರಂಗವಾಗಿ ಪ್ರಕಟವಾಗಿತ್ತು. ಎಸ್ ಬದಲು ಎಲ್ ಬಳಸಿದರೆ ಫಾರ್ಮ್ಯಾಟ್ ಆ ಚಿಹ್ನೆಯನ್ನು ಎರಡು ಸಲ ಬರೆದು, ಸುತ್ತಲೂ ಉದ್ಧರಣ ಚಿಹ್ನೆ ಹಾಕುತ್ತದೆ: 'ಡಿ''ಕೋಸ್ಟಾ ಲೇಔಟ್'. ಟೇಬಲ್, ಕಾಲಂಗಳ ಹೆಸರಿಗೆ ಐ ಅಕ್ಷರ. ಬರೀ ಬೆಲೆ ಕಳಿಸುವುದಿದ್ದರೆ ಇದ್ಯಾವುದೂ ಬೇಡ, ಕ್ವೆರಿ ಬೇರೆ, ಬೆಲೆ ಬೇರೆ ಮಾಡಿ ಪ್ಯಾರಾಮೀಟರ್ ಆಗಿ ಕಳಿಸುವುದೇ ಸರಿ.

ಅಂದರೆ ಫಾರ್ಮ್ಯಾಟ್‌ಗೆ ಎಸ್‌ಕ್ಯೂಎಲ್‌ನ ವ್ಯಾಕರಣ ಗೊತ್ತು. ಬೆಲೆಯನ್ನು ಅದಕ್ಕೆ ತಕ್ಕ ಹಾಗೆ ತಿದ್ದಿ ಕೂರಿಸುತ್ತದೆ. ಕನ್ನಡದ ವ್ಯಾಕರಣ ಅದಕ್ಕೆ ಗೊತ್ತಿಲ್ಲ, ಅದನ್ನು ನಾವೇ ಕೊಡಬೇಕು.

ಕೊಡುವುದು ಕಷ್ಟವೇನಲ್ಲ. ಜಯನಗರಕ್ಕೆ, ಹಲಸೂರಿಗೆ, ಕೆಂಗೇರಿಗೆ, ಮೆಜೆಸ್ಟಿಕ್‌ಗೆ. ಪ್ರತ್ಯಯ ಬದಲಾಗುವುದು ಹೆಸರಿನ ಕೊನೆ ನೋಡಿಕೊಂಡು. ಕಂಪ್ಯೂಟರ್ ಅಕ್ಷರಗಳನ್ನು ಸಂಕೇತವಾಗಿ ಇಡುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಸ್ವರಚಿಹ್ನೆಗಳೆಲ್ಲ ಬೇರೆ ಬೇರೆ ಸಂಕೇತಗಳು, ಹಾಗಾಗಿ ಪೋಸ್ಟ್‌ಗ್ರೆಸ್‌ನಲ್ಲಿ "ಹಲಸೂರು" ಪದದ ಬಲತುದಿಯ ಒಂದು ಅಕ್ಷರ ಕೇಳಿದರೆ "ರು" ಸಿಗುವುದಿಲ್ಲ, ಬರೀ ಕೊಂಬು ಸಿಗುತ್ತದೆ. ಕೆಂಗೇರಿಯಲ್ಲಿ ಗುಡಿಸು, ಮೆಜೆಸ್ಟಿಕ್‌ನಲ್ಲಿ ಅರ್ಧಾಕ್ಷರದ ಚಿಹ್ನೆ, ಜಯನಗರದಲ್ಲಿ ಪೂರ್ತಿ "ರ". ನಮಗೆ ಬೇಕಾಗಿದ್ದೂ ಅದೇ! ಕೊಂಬು ಇದ್ದರೆ ಅದನ್ನು ತೆಗೆದು "ಇಗೆ" ಸೇರಿಸು, ಗುಡಿಸು ಇದ್ದರೆ "ಗೆ" ಸೇರಿಸು ಅಂತ ನಾಲ್ಕು ಸಾಲಿನ ನಿಯಮ ಬರೆದರೆ ಊರುಗಳ ಹೆಸರು ಬಹುಪಾಲು ಸರಿಹೋಗುತ್ತವೆ. ಆದರೂ ನನ್ನ ಒಲವು ಇನ್ನೊಂದು ದಾರಿಯ ಕಡೆಗೆ. ಬಡಾವಣೆಗಳ ಟೇಬಲ್‌ನಲ್ಲೇ "ಮಲ್ಲೇಶ್ವರಂ", "ಮಲ್ಲೇಶ್ವರಕ್ಕೆ", "ಮಲ್ಲೇಶ್ವರದಿಂದ", "ಮಲ್ಲೇಶ್ವರದಲ್ಲಿ" ಅಂತ ನಾಲ್ಕು ಕಾಲಂ ಇಟ್ಟು, ಕನ್ನಡ ಬಲ್ಲವರೊಬ್ಬರು ಒಮ್ಮೆ ತುಂಬಿದರೆ ಆಯಿತು. ಊರಿನ ಹೆಸರುಗಳು ದಿನಾ ಬದಲಾಗುವುದಿಲ್ಲ.

ಜನರ ಹೆಸರಿಗೆ ಮಾತ್ರ ಇದು ನಡೆಯುವುದಿಲ್ಲ, ಹೊಸಬರು ಬರುತ್ತಲೇ ಇರುತ್ತಾರೆ. ಊರಿನ ನಿಯಮವನ್ನೇ ಇಲ್ಲಿ ಹಚ್ಚಿದರೆ ಮಧು ಹೋಗಿ "ಮಧಿಗೆ" ಆಗುತ್ತಾರೆ, ರಮೇಶ "ರಮೇಶಕ್ಕೆ" ಆಗಿ ವಸ್ತುವೇ ಆಗಿಬಿಡುತ್ತಾರೆ. ಅಲ್ಲಿ ಅಚ್ಚಿನಲ್ಲೇ ಖಾಲಿ ಜಾಗದ ಮುಂದೆ "ಅವರಿಗೆ" ಅಂತ ಬರೆದಿಡಿ. ಮಧು ಅವರಿಗೆ, ರಮೇಶ ಅವರಿಗೆ, ಫಾತಿಮಾ ಅವರಿಗೆ. ಪ್ರತ್ಯಯವೆಲ್ಲ ಆ ಒಂದು ಪದದ ಮೇಲೆ ಬೀಳುತ್ತದೆ, ಹೆಸರು ಇದ್ದ ಹಾಗೇ ಇರುತ್ತದೆ, ಮೇಲಾಗಿ ಮರ್ಯಾದೆಯೂ ಉಳಿಯುತ್ತದೆ.