ಕಾಂಟೊರೊವಿಚ್ ಲೆಕ್ಕ ಇಪ್ಪತ್ತು ವರ್ಷ ಮೂಲೆಗೆ ಬಿದ್ದದ್ದೇಕೆ?

ಲೀನಿಯರ್ ಪ್ರೋಗ್ರಾಮಿಂಗ್, ಅಂದರೆ ಇರುವಷ್ಟನ್ನು ಹೇಗೆ ಹಂಚಿದರೆ ಹೆಚ್ಚು ಫಲ ಅನ್ನುವ ಗಣಿತ, ಓದಿದವರಿಗೆಲ್ಲ ಅಮೆರಿಕದ ಜಾರ್ಜ್ ಡಾಂಟ್ಸಿಗ್ ಹೆಸರು ಗೊತ್ತಿರುತ್ತದೆ. ಅಂಥ ಲೆಕ್ಕ ಬಿಡಿಸುವ ಅವರ ಸಿಂಪ್ಲೆಕ್ಸ್ ವಿಧಾನ ಬಂದದ್ದು 1947ರಲ್ಲಿ. ಆದರೆ ಅದೇ ಬಗೆಯ ಲೆಕ್ಕವನ್ನು ಸೋವಿಯತ್ ಗಣಿತಜ್ಞ ಲಿಯೊನಿಡ್ ಕಾಂಟೊರೊವಿಚ್ 1939ರಲ್ಲೇ ಬಿಡಿಸಿ, ಲೆನಿನ್‌ಗ್ರಾಡ್‌ನಲ್ಲಿ ಒಂದು ಸಣ್ಣ ಪುಸ್ತಕವಾಗಿ ಅಚ್ಚು ಹಾಕಿಸಿದ್ದರು. ಅವರ ದೇಶದವರೇ ಅದನ್ನು ಕೈಗೆತ್ತಿಕೊಳ್ಳಲಿಲ್ಲ.

ಕಾಂಟೊರೊವಿಚ್ ಹುಟ್ಟಿದ್ದು 1912ರಲ್ಲಿ. 14ನೇ ವಯಸ್ಸಿಗೆ ವಿಶ್ವವಿದ್ಯಾಲಯ ಸೇರಿ 22ಕ್ಕೆ ಪ್ರೊಫೆಸರ್ ಆದವರು. ಅರ್ಥಶಾಸ್ತ್ರ ಅವರ ದಾರಿಯೇ ಆಗಿರಲಿಲ್ಲ. 1938ರಲ್ಲಿ ಒಂದು ಪ್ಲೈವುಡ್ ಸಂಸ್ಥೆಯವರು ಬಂದು ಸಲಹೆ ಕೇಳಿದರು. ಎಂಟು ಯಂತ್ರ, ಐದು ಬಗೆಯ ಮರ. ಒಂದೊಂದು ಮರ ಒಂದೊಂದು ಯಂತ್ರದಲ್ಲಿ ಒಂದೊಂದು ವೇಗಕ್ಕೆ ಸಾಗುತ್ತದೆ, ಹಾಗಿರುವಾಗ ಯಾವ ಯಂತ್ರಕ್ಕೆ ಯಾವುದನ್ನು ಎಷ್ಟು ಹೊತ್ತು ಕೊಟ್ಟರೆ ಒಟ್ಟು ಕೆಲಸ ಜಾಸ್ತಿ ಆಗುತ್ತದೆ? ಕೇಳೋಕೆ ಸುಲಭ. ಒಂದೊಂದೇ ಸಾಧ್ಯತೆ ಹಾಕಿ ನೋಡುತ್ತಾ ಕೂತರೆ, ಕಂಪ್ಯೂಟರ್ ಇಲ್ಲದ ಆ ಕಾಲದಲ್ಲಿ, ಮುಗಿಯುವ ಮಾತಲ್ಲ.

ಅವರು ಪ್ರತಿ ಬಗೆಯ ಮರಕ್ಕೂ ಒಂದು ಸಂಖ್ಯೆ ಕೊಟ್ಟು, ಅದನ್ನು ತಿದ್ದುತ್ತಾ ತಿದ್ದುತ್ತಾ ಉತ್ತರಕ್ಕೆ ಬಂದರು. ತಕರಾರು ಹುಟ್ಟಿದ್ದು ಇಲ್ಲೇ. ಆ ಸಂಖ್ಯೆಯ ನಡೆ ಥೇಟ್ ಬೆಲೆಯದ್ದು: ಯಾವುದಕ್ಕೆ ಅಭಾವವಿದೆಯೋ ಅದರದ್ದು ದೊಡ್ಡದು, ಬೇಕಾದ್ದಕ್ಕಿಂತ ಜಾಸ್ತಿ ಇರುವುದರದ್ದು ಸೊನ್ನೆ. ಮಾರ್ಕ್ಸ್‌ವಾದದಲ್ಲಿ ಮೌಲ್ಯ ಬರುವುದು ದುಡಿಮೆಯಿಂದ. ಅಭಾವದಿಂದಲೂ ಬರುತ್ತದೆ ಅಂದರೆ ಬಂಡವಾಳಶಾಹಿಗಳ ವಾದ ಒಪ್ಪಿದಂತೆ, ಸ್ಟಾಲಿನ್ ಕಾಲದಲ್ಲಿ ಹಾಗನ್ನುವುದು ಸುಮ್ನೆ ಮಾತಲ್ಲ. ಅದಕ್ಕೇ ಇರಬೇಕು, ಅವರು ಬೆಲೆ ಅನ್ನದೆ ಅದಕ್ಕೆ ಬೇರೆ ಹೆಸರುಗಳನ್ನೇ ಕೊಟ್ಟರು.

ಅದೂ ಕೆಲಸಕ್ಕೆ ಬರಲಿಲ್ಲ. ಇಡೀ ದೇಶದ ಯೋಜನೆಗೆ ಇದನ್ನು ಹೇಗೆ ಬಳಸಬಹುದು ಅಂತ 1942ರಲ್ಲಿ ಬರೆದ ಪುಸ್ತಕವನ್ನು ಸೋವಿಯತ್ ಯೋಜನಾ ಸಮಿತಿ ಗೋಸ್‌ಪ್ಲಾನ್ ತಳ್ಳಿಹಾಕಿತು. ಅದು ಅಚ್ಚಾದದ್ದು 1959ರಲ್ಲಿ, ಸ್ಟಾಲಿನ್ ಸತ್ತು ಆರು ವರ್ಷದ ಮೇಲೆ. ನಡುವೆ ಗಣಿತದಲ್ಲೇ ಮುಳುಗಿ, 1949ರಲ್ಲಿ ಅದಕ್ಕಾಗಿ ಸ್ಟಾಲಿನ್ ಪ್ರಶಸ್ತಿಯನ್ನೇ ಪಡೆದರು, ತಮಾಷೆ ಅಲ್ವಾ! 1965ರಲ್ಲಿ ಲೆನಿನ್ ಪ್ರಶಸ್ತಿ. 1975ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಕೂಪ್‌ಮನ್ಸ್ ಜೊತೆ ಅರ್ಥಶಾಸ್ತ್ರದ ನೊಬೆಲ್. ಡಾಂಟ್ಸಿಗ್‌ಗೆ ಅದು ಸಿಗಲಿಲ್ಲ, ಕೂಪ್‌ಮನ್ಸ್‌ಗೇ ಇದರಿಂದ ಕಸಿವಿಸಿಯಾಗಿತ್ತು.

ಅವರ ಮಾತು ಮೊದಲೇ ಕೇಳಿದ್ದರೆ ಸೋವಿಯತ್ ಆರ್ಥಿಕತೆ ಉಳಿಯುತ್ತಿತ್ತು ಅನ್ನುವವರಿದ್ದಾರೆ. ನನಗೆ ನಂಬಿಕೆ ಇಲ್ಲ. ಈ ವರ್ಷ ಗುರಿ ಮೀರಿದರೆ ಮುಂದಿನ ವರ್ಷ ಗುರಿಯನ್ನೇ ಏರಿಸುತ್ತಾರೆ ಅಂತ ಗೊತ್ತಿದ್ದ ಕಾರ್ಖಾನೆ ಮ್ಯಾನೇಜರುಗಳು ತಮ್ಮ ಕೈಲಿ ಎಷ್ಟಾಗುತ್ತದೆ ಅನ್ನುವುದನ್ನೇ ಮುಚ್ಚಿಡುತ್ತಿದ್ದರು. ಅಂಥವರು ಕೊಟ್ಟ ಅಂಕಿ ಹಿಡಿದು ಗೋಸ್‌ಪ್ಲಾನ್ ಯಾವ ಲೆಕ್ಕ ಮಾಡಿದ್ದರೂ ಅಷ್ಟರಲ್ಲೇ ಇರುತ್ತಿತ್ತು.