ಎರಡನೇ ದಿನದ ಸೈಕಲ್

ತೋಟದ ಪಂಪ್‌ಸೆಟ್ ನೀರೆತ್ತುತ್ತಿಲ್ಲವೆಂದು ಮೋಟಾರನ್ನು ಅಂಗಡಿಗೆ ಹೊತ್ತೊಯ್ದರೆ ಮೆಕ್ಯಾನಿಕ್ ಸ್ವಿಚ್ ಹಾಕಿ ತೋರಿಸುತ್ತಾನೆ: 'ನೋಡಿ ಸಾರ್, ತಿರುಗ್ತಿದೆಯಲ್ಲ!' ತಿರುಗುತ್ತದೆ, ನಿಜ. ಲೋಡ್ ಬಿದ್ದಾಗ ಏನಾಗುತ್ತದೆ ಎಂಬುದು ಮಾತ್ರ ಅಲ್ಲಿ ಗೊತ್ತಾಗುವುದಿಲ್ಲ.

ಎಂಇ/ಸಿಎಫ್‌ಎಸ್ (ಮಯಾಲ್ಜಿಕ್ ಎನ್ಸೆಫಲೋಮಯಲೈಟಿಸ್/ಕ್ರಾನಿಕ್ ಫೆಟೀಗ್ ಸಿಂಡ್ರೋಮ್) ಎಂಬ, ವರ್ಷಗಟ್ಟಲೆ ಸುಸ್ತು ಕಾಡುವ ಕಾಯಿಲೆಯವರ ಪಾಡೂ ಹೆಚ್ಚುಕಡಿಮೆ ಇದೇ. ರಕ್ತ, ಥೈರಾಯ್ಡ್, ಇಸಿಜಿ, ಎಲ್ಲ ರಿಪೋರ್ಟೂ ನಾರ್ಮಲ್. ಆದರೆ ಒಂದು ಬಕೆಟ್ ಬಟ್ಟೆ ಒಗೆದ ತಪ್ಪಿಗೆ ಮೂರು ದಿನ ಹಾಸಿಗೆ. ಇದು ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ.

1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸುಮಾರು 300 ಸಿಬ್ಬಂದಿ ಹೀಗೆ ಒಬ್ಬರ ಹಿಂದೊಬ್ಬರು ಮಲಗಿ, ಆಸ್ಪತ್ರೆಯನ್ನೇ ಮುಚ್ಚಬೇಕಾಯಿತು. 'ಎಂಇ' ಎಂಬ ಹೆಸರು ಹುಟ್ಟಿದ್ದು ಅದರ ಬೆನ್ನಿಗೇ. 1970ರಲ್ಲಿ ಮೆಕ್‌ಎವೆಡಿ ಮತ್ತು ಬಿಯರ್ಡ್ ಎಂಬ ಮನೋವೈದ್ಯರು ಹಳೆಯ ಕಡತಗಳನ್ನು ಓದಿ, ಇದು ಸಾಮೂಹಿಕ ಉನ್ಮಾದ ಎಂದುಬಿಟ್ಟರು. ರೋಗಿಗಳಲ್ಲಿ ಹೆಂಗಸರೇ ಹೆಚ್ಚಿದ್ದರು ಎಂಬುದೂ ಅವರ ಪಾಲಿಗೆ ಒಂದು ಪುರಾವೆ! ಆ ಹಣೆಪಟ್ಟಿ ಕಳಚಲು ದಶಕಗಳೇ ಬೇಕಾದವು.

ಲೋಡ್ ಹಾಕಿ ನೋಡುವ ಪರೀಕ್ಷೆಯೊಂದಿದೆ. ಮೂಗು-ಬಾಯಿಗೆ ಮಾಸ್ಕ್ ಕಟ್ಟಿ, ಕದಲದ ಸೈಕಲ್ ಮೇಲೆ ಕೂರಿಸಿ, ಆಗದು ಎನ್ನುವವರೆಗೆ ಪೆಡಲ್ ತುಳಿಸುತ್ತಾರೆ. ಉಸಿರಿನ ಆಮ್ಲಜನಕವನ್ನು ದೇಹ ಎಷ್ಟು ಬಳಸಿಕೊಂಡಿತು ಎಂಬ ಲೆಕ್ಕ ಸಿಗುತ್ತದೆ. ಮೊದಲ ದಿನ ಅನೇಕ ರೋಗಿಗಳ ಅಂಕಿ ಅಷ್ಟೇನೂ ಕೆಟ್ಟದಾಗಿರುವುದಿಲ್ಲ. ಇಪ್ಪತ್ನಾಲ್ಕು ಗಂಟೆ ಬಿಟ್ಟು ಮತ್ತೆ ತುಳಿಸಬೇಕು. ವ್ಯಾಯಾಮದ ಅಭ್ಯಾಸವಿಲ್ಲದ ಸೋಮಾರಿಯೂ ನಿನ್ನೆಯಷ್ಟೇ ತುಳಿಯುತ್ತಾನೆ. ಈ ರೋಗಿಗಳಲ್ಲಿ ಮಾತ್ರ ಅಂಕಿ ಕುಸಿಯುವುದನ್ನು ಹಲವು ಅಧ್ಯಯನಗಳು ಕಂಡಿವೆ. ಕಷ್ಟವೇನೆಂದರೆ, ಪರೀಕ್ಷೆಯೇ ರೋಗಿಯನ್ನು ವಾರಗಟ್ಟಲೆ ಮಲಗಿಸಬಹುದು.

ಹಾಗಾದರೆ ಇಡೀ ಮನುಷ್ಯನ ಬದಲು ಒಂದು ಹನಿ ರಕ್ತವನ್ನೇ ದಣಿಸಿದರೆ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಾನ್ ಡೇವಿಸ್ ತಂಡ ಮಾಡಿದ್ದು ಅದನ್ನೇ. ಡೇವಿಸ್ ಹೆಸರಾಂತ ತಳಿವಿಜ್ಞಾನಿ. ಅವರ ಮಗನೇ ಈ ಕಾಯಿಲೆಯಿಂದ ಹಾಸಿಗೆ ಹಿಡಿದವನು. ರಕ್ತಕಣಗಳಿಗೆ ಉಪ್ಪು ಬೆರೆಸಿ, ಸಾವಿರಾರು ಸೂಕ್ಷ್ಮ ಎಲೆಕ್ಟ್ರೋಡ್‌ಗಳಿರುವ ಚಿಪ್ ಮೇಲೆ ವಿದ್ಯುತ್ತಿಗೆ ಅವು ಒಡ್ಡುವ ತಡೆಯನ್ನು ಅಳೆದರು. ಉಪ್ಪನ್ನು ಹೊರದಬ್ಬಲು ಜೀವಕೋಶ ಶಕ್ತಿ ಖರ್ಚು ಮಾಡಬೇಕು; ಇಲ್ಲಿ ಅದೇ ಲೋಡ್. 2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 20 ರೋಗಿಗಳೂ 20 ಆರೋಗ್ಯವಂತರೂ ಸ್ಪಷ್ಟವಾಗಿ ಬೇರೆಯಾಗಿ ನಿಂತರು.

ಚಂದದ ಫಲಿತಾಂಶವೇ. ಆದರೆ ವೈದ್ಯರೆದುರು ಬರುವವರು ಆರೋಗ್ಯವಂತರಲ್ಲವಲ್ಲ. ಸುಸ್ತು ತರುವ ಇನ್ನೊಂದು ಕಾಯಿಲೆಯಾದ ಲೂಪಸ್ಸೋ ಇದೋ ಎಂದು ಬಿಡಿಸಿ ಹೇಳಲಾಗದ ಪರೀಕ್ಷೆಯಿಂದ ಅವರಿಗೆ ಅರ್ಧ ಉಪಯೋಗ ಮಾತ್ರ.

ಇತ್ತ ವೈದ್ಯರಿಗೆ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ, ನಿಗದಿತ ಹಂತಗಳಲ್ಲಿ ವ್ಯಾಯಾಮ ಏರಿಸುತ್ತಾ ಹೋಗುವ ಚಿಕಿತ್ಸೆಯನ್ನು ಕೈಬಿಡಿ ಎಂದಿತು. ಖಚಿತ ರಕ್ತಪರೀಕ್ಷೆ ಇನ್ನೂ ಇಲ್ಲದ ಕಾರಣ, ಬೇರೆ ಕಾಯಿಲೆಗಳಿಲ್ಲವೆಂದು ಖಾತ್ರಿಪಡಿಸಿಕೊಂಡ ಮೇಲೆ ವೈದ್ಯರು ನೆಚ್ಚಬೇಕಾದದ್ದು ಬಾಯಿಮಾತಿನ ವಿಚಾರಣೆಯನ್ನೇ: 'ಕೆಲಸ ಮಾಡಿದ ದಿನ ಬಿಡಿ, ಮಾರನೇ ದಿನ ಹೇಗಿದ್ರಿ?'